ಕೊಳೆಗೂ ಕಾರಣ ಬೇಕು

ಹೊಸ ಬಟ್ಟೆಗೆ ಬೇಕೆಂದೇ ಕೆಸರು ಬಳಿದುಕೊಂಡು ಬರುವವನನ್ನು ನಾವು ಹುಚ್ಚನೆನ್ನುತ್ತೇವೆ. ಆದರೆ ಆಗತಾನೆ ಬಣ್ಣ ಹಚ್ಚಿದ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಅದು ಹಳೆಯದಾಗಿಯೂ ಕೊಳಕಾಗಿಯೂ ಕಾಣುವಂತೆ ಮಾಡಲು ವಾರಗಟ್ಟಲೆ ಶ್ರಮಿಸುವ ಜನರ ಒಂದು ಪಂಗಡವೇ ಲೋಕದಲ್ಲಿದೆ. ಕಳೆದ ಒಂದೂವರೆ ವರ್ಷದಿಂದ ನಾನೂ ಆ ಪಂಗಡಕ್ಕೆ ಸೇರಿದ್ದೇನೆ. ಯುದ್ಧದ ಟ್ಯಾಂಕುಗಳ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಅನಂತರ ಅವುಗಳಿಗೆ ಧೂಳು, ಕೆಸರು, ಎಣ್ಣೆ, ತುಕ್ಕುಗಳ ಸಂಸ್ಕಾರ ಮಾಡುವುದು ನಮ್ಮ ಹವ್ಯಾಸ. ಇಂಗ್ಲಿಷಿನಲ್ಲಿ ಇದಕ್ಕೆ ವೆದರಿಂಗ್ ಎನ್ನುತ್ತಾರೆ. ನಮ್ಮ ಭೂಗೋಳದ ಪುಸ್ತಕದಲ್ಲಿ ಬಂಡೆಗಳ ವಿಷಯದಲ್ಲಿ ಇದೇ ಮಾತಿಗೆ ಶಿಥಿಲೀಕರಣ ಎಂಬ ಘನವಾದ ಶಬ್ದವಿದೆ. ಆದರೆ ಟ್ಯಾಂಕು ಅಷ್ಟು ಸುಲಭವಾಗಿ ಶಿಥಿಲವಾಗುವ ಪದಾರ್ಥವಲ್ಲ. ಬಟ್ಟೆ ಮಾಸಿತು, ಗೋಡೆ ಮಾಸಿತು ಎನ್ನುತ್ತೇವಷ್ಟೆ. ಆದುದರಿಂದ ನಾನು ಇದನ್ನು ಮಾಸಲು ಕೆಲಸ ಎಂದು ಕರೆದುಕೊಂಡಿದ್ದೇನೆ. ಕನ್ನಡ ವಿಭಾಗದ ಅಧ್ಯಾಪಕರು ಇದಕ್ಕಿಂತ ಒಳ್ಳೆಯ ಶಬ್ದ ಕೊಟ್ಟರೆ ಸಂತೋಷದಿಂದ ಸ್ವೀಕರಿಸುತ್ತೇನೆ.

ಈ ಕೆಲಸದ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಪ್ಪದವರು ಓದಿ ಮುಗಿಸಿ ಜಗಳಕ್ಕೆ ಬರಬಹುದು. ಮಾದರಿಯ ಮೇಲೆ ಹಾಕುವ ಒಂದೊಂದು ಕಲೆಗೂ ಒಂದು ಕಾರಣವಿರಬೇಕು. ಈ ಕೆಸರು ಯಾವ ನೆಲದ್ದು, ಇಲ್ಲಿಯ ಬಣ್ಣ ಯಾರ ಕಾಲು ತಾಗಿ ಸವೆಯಿತು, ಈ ತುಕ್ಕು ಹಿಡಿಯಲು ಎಷ್ಟು ದಿನ ಬೇಕಾಯಿತು ಎಂದು ಯಾರಾದರೂ ಕೇಳಿದರೆ, ಮಾಡಿದವನಿಗೆ ಉತ್ತರ ಹೇಳಲು ಬರಬೇಕು. ಉತ್ತರವಿಲ್ಲದ ಕಲೆಯನ್ನು ಹಾಕಬಾರದು. ಇಷ್ಟು ಸಣ್ಣ ಮಾತಿಗೆ ಒಂದು ಲೇಖನವೇಕೆ ಎಂದು ಕೇಳಬಹುದು. ಈಚೆಗೆ ಬಹುಮಾನ ಪಡೆಯುವ ಮಾದರಿಗಳಲ್ಲಿ ಹಲವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಯಾವ ದೇಶದ, ಯಾವ ವರ್ಷದ ಟ್ಯಾಂಕಾದರೂ ಸರಿಯೆ, ಮೈತುಂಬ ಒಂದೇ ಬಗೆಯ ಕಿತ್ತಳೆ ತುಕ್ಕು; ಅಂಚುಗಳಲ್ಲೆಲ್ಲ ಒಂದೇ ಬಗೆಯಾಗಿ ಎದ್ದ ಬಣ್ಣದ ಚಕ್ಕೆಗಳು; ಗೋಪುರದಿಂದ ಕೆಳಕ್ಕೆ ಇಳಿಬಿದ್ದ ಕಣ್ಣೀರಿನಂಥ ಗೆರೆಗಳು. ನೋಡಲು ಚೆಲುವಾಗಿರುತ್ತವೆ. ಆದರೆ ತುಕ್ಕೆಂಬುದು ಕಾಲದ ಬಗ್ಗೆ ಮಾಡುವ ಒಂದು ಹೇಳಿಕೆ. ಹೇಳಿಕೆಯೆಂದ ಮೇಲೆ ಅದು ನಿಜವೋ ಸುಳ್ಳೋ ಎಂದು ವಿಚಾರಿಸಲೇಬೇಕಾಗುತ್ತದೆ. ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವವನಿಗೆ ಇದನ್ನು ಯಾರೂ ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಈ ಹವ್ಯಾಸವನ್ನು ಕಾಣದವರಿಗಾಗಿ ಒಂದೆರಡು ಮಾತು. ನಾನು ಈಗ ಮಾಡುತ್ತಿರುವುದು ಸೆಂಚುರಿಯನ್ ಎಂಬ ಬ್ರಿಟಿಷ್ ಟ್ಯಾಂಕಿನ ಮಾದರಿ, 1/35ರ ಅಳತೆಯದು. ಎಂದರೆ ನಿಜವಾದ ಟ್ಯಾಂಕಿನ 35 ಅಂಗುಲ ಇಲ್ಲಿ ಒಂದು ಅಂಗುಲ. ಈ 35 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂಬುದಕ್ಕೆ ಒಂದು ಸ್ವಾರಸ್ಯವಾದ ಕಥೆಯಿದೆ. ಜಪಾನಿನ ತಮಿಯಾ ಕಂಪೆನಿಯವರು 1960ರ ದಶಕದ ಆರಂಭದಲ್ಲಿ ಜರ್ಮನರ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ತಯಾರಿಸಿದರು. ಅದರ ಹೊಟ್ಟೆಯಲ್ಲಿ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಅಳೆದು ನೋಡಿದರೆ ಸುಮಾರು 35ರಲ್ಲಿ ಒಂದು ಭಾಗ ಬಂತಂತೆ. ಅದೇ ಮುಂದೆ ಲೋಕಕ್ಕೆಲ್ಲ ಶಾಸ್ತ್ರವಾಯಿತು. ಶಾಸ್ತ್ರಗಳು ಹುಟ್ಟುವ ರೀತಿಯೇ ಹೀಗೆಂದು ತೋರುತ್ತದೆ.

ಸೆಂಚುರಿಯನ್ನಿನ ಒಡಲು, ತೋಪಿನ ನಳಿಗೆಯನ್ನು ಬಿಟ್ಟರೆ, ಸುಮಾರು 7.6 ಮೀಟರ್ ಉದ್ದ. ತೂಕ 50 ಟನ್ನಿಗೂ ಮೇಲೆ. ನನ್ನ ಮೇಜಿನ ಮೇಲೆ ಅದು ಒಂದು ಗೇಣು. ಈ ಲೆಕ್ಕವನ್ನು ಮಾಸಲು ಕೆಲಸ ಮಾಡುವವನು ಸದಾ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಕುಂಚದ ತುದಿಯಿಂದ ಎರಡು ಮಿಲಿಮೀಟರಿನ ಒಂದು ಚಕ್ಕೆ ಬರೆದರೆ, ನಿಜವಾದ ಟ್ಯಾಂಕಿನ ಮೇಲೆ ಅದು ಏಳು ಸೆಂಟಿಮೀಟರಿನ ಗಾಯ. ಹಿತ್ತಲಿನ ಮಣ್ಣನ್ನು ಹಾಗೆಯೇ ತಂದು ಅಂಟಿಸಿದರೆ, ಅರ್ಧ ಮಿಲಿಮೀಟರಿನ ಮರಳಿನ ಕಣ ನೆಲ್ಲಿಕಾಯಿಗಾತ್ರದ ಕಲ್ಲಾಗಿ ಕುಳಿತುಕೊಳ್ಳುತ್ತದೆ. ನಮ್ಮ ಹಳ್ಳಿಯ ಪಂಡಿತರು ಔಷಧಿಯ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ವಸ್ತ್ರಗಾಳಿತ ಮಾಡುತ್ತಾರಲ್ಲವೆ, ಹಾಗೆ ಸೋಸಿದ ಮೇಲೆ ಮಾತ್ರ ಅದು ಧೂಳೆನಿಸಿಕೊಳ್ಳುವ ಯೋಗ್ಯತೆಯನ್ನು ಪಡೆಯುತ್ತದೆ.

ಬಣ್ಣದ ತಂತ್ರಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವನ್ನು ಯಾರು ಬೇಕಾದರೂ ಕಲಿಯಬಹುದು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್, ಅನಂತರ ಬೆಲ್ಜಿಯಮ್ಮಿನ ಫ್ರಾಂಸ್ವಾ ವರ್ಲಿಂಡೆನ್, ಇನ್ನೂ ಈಚೆಗೆ ಸ್ಪೇನಿನ ಮಿಗೆಲ್ ಹಿಮೆನೆಸ್ ಮುಂತಾದವರು ಈ ವಿದ್ಯೆಯನ್ನು ಬೆಳೆಸಿದರು. ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳುವಾಗಿ ಕಲಸಿ ಸಂದುಗಳಿಗೆ ಹರಿಯಬಿಡುವುದು ಒಂದು. ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಪಸೆಯಿಂದ ಅಂಚುಗಳನ್ನು ಸವರುವುದು ಇನ್ನೊಂದು. ಕೂದಲಿಗೆ ಹೊಡೆಯುವ ಸ್ಪ್ರೇ ಇದೆಯಲ್ಲ, ಅದಕ್ಕೂ ಇಲ್ಲಿ ಕೆಲಸವುಂಟು: ತುಕ್ಕಿನ ಬಣ್ಣದ ಮೇಲೆ ಅದನ್ನು ಹೊಡೆದು, ಒಣಗಿಸಿ, ಹಸಿರು ಬಣ್ಣ ಹಚ್ಚಿ, ಆಮೇಲೆ ಒದ್ದೆ ಕುಂಚದಿಂದ ಉಜ್ಜಿದರೆ ಮೇಲಿನ ಬಣ್ಣ ಅಲ್ಲಲ್ಲಿ ಕಿತ್ತು ಬಂದು ಒಳಗಿನ ತುಕ್ಕು ಇಣುಕುತ್ತದೆ. ಇವನ್ನೆಲ್ಲ ನಾನು ಮದುವೆ ಮನೆಯಿಂದ ತಂದ ಪ್ಲಾಸ್ಟಿಕ್ ಚಮಚೆಗಳ ಮೇಲೆ ಅಭ್ಯಾಸ ಮಾಡಿದ್ದೇನೆ. ನಮ್ಮ ಹಾಸ್ಟೆಲಿನ ಕಿಟಕಿಯಲ್ಲಿ ತುಕ್ಕು ಹಿಡಿದ ಪ್ಲಾಸ್ಟಿಕ್ ಚಮಚೆಗಳನ್ನು ಕಂಡು ಬೆರಗಾದ ಮಿತ್ರರಿಗೆ ಈಗ ರಹಸ್ಯ ತಿಳಿದಿರಬಹುದು.

ತಂತ್ರ ಬಂದುಬಿಟ್ಟರೆ ಸಾಲದು ಎಂಬುದೇ ನನ್ನ ವಾದ. ಈಗಂತೂ 'ಮಳೆಯ ಗೆರೆ', 'ಹಳೆಯ ತುಕ್ಕು', 'ಮರುಭೂಮಿಯ ಧೂಳು' ಎಂದು ಚೀಟಿ ಅಂಟಿಸಿದ ಸೀಸೆಗಳೇ ಮಾರಾಟಕ್ಕೆ ಬರುತ್ತವೆ. ಮಳೆಯನ್ನು ನೋಡದವನೂ ಸೀಸೆಯಿಂದ ಮಳೆ ಸುರಿಸಬಹುದು. ಸೀಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಎಲ್ಲಿ ಸುರಿಸಬೇಕು, ಎಲ್ಲಿ ಕೂಡದು ಎಂಬುದನ್ನು ಸೀಸೆಯ ಮೇಲೆ ಬರೆದಿರುವುದಿಲ್ಲ.

ಅದನ್ನು ನನಗೆ ಹೇಳಿಕೊಟ್ಟವರು ನಮ್ಮ ಅಪ್ಪ. ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಇಪ್ಪತ್ತೆರಡು ವರ್ಷಗಳಿಂದ ನಮ್ಮೂರ ಜಮೀನುದಾರರೊಬ್ಬರ ಟ್ರ್ಯಾಕ್ಟರು ಓಡಿಸುತ್ತಿದ್ದಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಾಗಾಗಿ ನಾನು ಏನು ಓದುತ್ತೇನೆ, ಏನು ಮಾಡುತ್ತೇನೆ ಎಂಬುದರ ಮೇಲೆ ಮನೆಯವರಿಗೆಲ್ಲ ಒಂದು ಕಣ್ಣು. ಬೇಸಗೆ ರಜದಲ್ಲಿ ಗೊಬ್ಬರದ ಅಂಗಡಿಯೊಂದರಲ್ಲಿ ಎರಡು ತಿಂಗಳು ಲೆಕ್ಕ ಬರೆದು ಗಳಿಸಿದ ಹಣದಲ್ಲಿ ಒಂದು ಪಾಲು ಈ ಡಬ್ಬಿಗೆ ಹೋಯಿತೆಂದು ತಿಳಿದಾಗ ಅವ್ವ ಬಹಳ ನೊಂದುಕೊಂಡಳು. ಅವಳ ಆಕ್ಷೇಪಣೆ ದುಡ್ಡಿನದಷ್ಟೇ ಆಗಿರಲಿಲ್ಲ. "ದುಡ್ ಕೊಟ್ ತಂದು, ಬಣ್ಣ ಬಳ್ದು, ಆಮ್ಯಾಕೆ ಗಲೀಜ್ ಮಾಡ್ತೀಯಲ್ಲ, ಇದ್ಯಾವ್ ಓದ್ಲಾ?" ಎಂದಳು. ಇದಕ್ಕೆ ನನ್ನ ಬಳಿ ಆಗ ಉತ್ತರವಿರಲಿಲ್ಲ. ಈ ಲೇಖನವೇ ಉತ್ತರವೆಂದು ಬೇಕಾದರೆ ತಿಳಿಯಬಹುದು.

ಅಪ್ಪ ಏನೂ ಅನ್ನಲಿಲ್ಲ. ನನ್ನ ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದೆ. ಯಾವುದೋ ದೇಶದ ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದ ಮಾದರಿ, ಕಾಳಗದಲ್ಲಿ ಓಡುತ್ತಿರುವ ಟ್ಯಾಂಕೆಂದು ಅದರ ಕೆಳಗೆ ಬರೆದಿತ್ತು, ಮೈಯೆಲ್ಲ ತುಕ್ಕು. ಅಪ್ಪ ಬಹಳ ಹೊತ್ತು ನೋಡಿದರು.

"ಇದ್ನ ನೋಡ್ಕಳೋರು ಯಾರೂ ಇರ್ಲಿಲ್ವೇನ್ಲಾ?" ಎಂದರು.

"ಇರ್ತಾರೆ ಕಣಪ್ಪ. ನಾಲ್ಕ್ ಜನ ಅದ್ರೊಳ್ಗೇ ಇರ್ತಾರೆ" ಎಂದೆ.

"ನಾಲ್ಕ್ ಜನ ಇದ್ದೂ ಗಾಡಿನ ಹಿಂಗ್ ಬುಟ್ಟವ್ರಾ? ಹಂಗಾರೆ ಅವ್ರು ಸತ್ತೋಗವ್ರೆ, ಇಲ್ಲ ಗಾಡಿ ಬುಟ್ಟು ಓಡೋಗವ್ರೆ. ಇದು ಓಡೋ ಗಾಡಿ ಅಲ್ಲ ಕಣ್ಲಾ."

ಚರಿತ್ರೆಯ ತರಗತಿಯಲ್ಲಿ ನಾವು ಆಧಾರ ವಿಮರ್ಶೆ ಎಂದು ಓದುತ್ತೇವೆ: ಒಂದು ದಾಖಲೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕೂ ಅದರ ಮೈಮೇಲಿನ ಗುರುತುಗಳು ಹೇಳುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಾನು ಎರಡು ಪುಟ ಬರೆದಿದ್ದೆ. ಅಪ್ಪ ಅದನ್ನು ಎರಡು ವಾಕ್ಯಗಳಲ್ಲಿ ಮಾಡಿ ಬೀಡಿ ಹಚ್ಚಿದರು.

ಆ ಮೇಲೆ ನಾನು ಗದ್ದೆಯಿಂದ ಬಂದ ಟ್ರ್ಯಾಕ್ಟರನ್ನು ತೊಳೆಯುವ ಮೊದಲು ನೋಡುವ ಅಭ್ಯಾಸ ಮಾಡಿಕೊಂಡೆ. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಬೆಳೆದಿದ್ದರೂ ಹೀಗೆ ಅದನ್ನು ಯಾವತ್ತೂ ನೋಡಿರಲಿಲ್ಲ. ನಾಟಿಗೆ ಮೊದಲು ಕೇಜ್ ವೀಲು ಕಟ್ಟಿ ಗದ್ದೆ ಉತ್ತು ಬಂದಾಗ ಕೆಸರು ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲ. ಚಕ್ರ ತಿರುಗುವ ದಿಕ್ಕಿಗೆ ಎದ್ದು ಮಡ್‌ಗಾರ್ಡಿನ ಒಳಮೈಗೂ ಹಿಂಬದಿಗೂ ಬಡಿದಿರುತ್ತದೆ. ಬಡಿದದ್ದು ಒಣಗುವುದೂ ಒಂದು ಕ್ರಮದಲ್ಲಿ: ತೆಳುವಾದ ಅಂಚು ಮೊದಲು ಬಿಳುಪೇರುತ್ತದೆ, ದಪ್ಪವಾದ ನಡುವೂ ಮೂಲೆಗಳೂ ಸಂಜೆಯವರೆಗೆ ಕಪ್ಪಾಗಿಯೇ ಇರುತ್ತವೆ. ಒಂದೇ ಮಣ್ಣು, ಒಂದೇ ಗಾಡಿ, ಆದರೆ ಮೂರು ಬಣ್ಣ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ, ಚೆಲ್ಲಿದ ಎಣ್ಣೆ ಹರಿದ ದಾರಿಯಲ್ಲಿ ಧೂಳು ಅಂಟಿ ಕರಿ ಹಿಡಿದಿರುತ್ತದೆ. ಆ ದಿನವೇ ಚೆಲ್ಲಿದ್ದಾದರೆ ಅಲ್ಲಿ ಮಾತ್ರ ಒದ್ದೆಯಾದ ಹೊಳಪು. ಅಪ್ಪ ಹತ್ತುವ ಎಡಗಡೆಯ ಮೆಟ್ಟಿಲಿನಲ್ಲಿ ಬಣ್ಣವೇ ಇಲ್ಲ, ಕಬ್ಬಿಣ ಬೆಳ್ಳಿಯಂತೆ ಹೊಳೆಯುತ್ತದೆ. ಯಾರೂ ಹತ್ತದ ಬಲಗಡೆಯಲ್ಲಿ ಕಂಪೆನಿಯ ಬಣ್ಣ ಇನ್ನೂ ಹಾಗೆಯೇ ಇದೆ. ತುಕ್ಕು ಕಂಡದ್ದು ಸೈಲೆನ್ಸರಿನ ಮೇಲೆ ಮಾತ್ರ. ಕಾದು ಕಾದು ಬಣ್ಣ ಸುಟ್ಟುಹೋದ ಕಬ್ಬಿಣಕ್ಕೆ ಯಾವ ಡ್ರೈವರೂ ಏನೂ ಮಾಡಲಾರ. ಮಿಕ್ಕ ಮೈಯ ಮೇಲೆ, ಇಷ್ಟು ವರ್ಷಗಳ ದುಡಿಮೆಯ ಮೇಲೂ, ತುಕ್ಕಿಗಿಂತ ಹೆಚ್ಚಾಗಿ ಕಾಣುವುದು ಕೈ ತಾಗಿದ ಗುರುತು.

ಟ್ಯಾಂಕೂ ಒಂದು ದುಡಿಯುವ ಗಾಡಿ. ಸೆಂಚುರಿಯನ್ನಿನ ಹಿಂಬದಿಯಲ್ಲಿ, ಎಡಬಲಗಳಲ್ಲಿ ಒಂದೊಂದು ಸೈಲೆನ್ಸರಿನ ಪೆಟ್ಟಿಗೆಯಿದೆ. ಅಲ್ಲಿ ತುಕ್ಕು ನ್ಯಾಯವಾದದ್ದು. ಟ್ರ್ಯಾಕ್ ಎಂಬ ಉಕ್ಕಿನ ಪಟ್ಟಿಗೆ ಬಣ್ಣವಿರುವುದಿಲ್ಲ, ಅದು ಒಂದೆರಡು ರಾತ್ರಿಗಳಲ್ಲೇ ಕಂದು ತಿರುಗೀತು. ಆದರೆ ನೆಲ ಉಜ್ಜುವ ಹೊರಮೈಯೂ, ರಬ್ಬರಿನ ಚಕ್ರಗಳು ಉರುಳುವ ಒಳಮೈಯೂ ಓಡಿದಷ್ಟು ದಿನ ಹೊಳೆಯುತ್ತಲೇ ಇರಬೇಕು. ಗೋಪುರದ ಮೇಲೆ ಹತ್ತಿ ಇಳಿಯುವ ಮುಚ್ಚಳದ ಅಂಚು ಬೂಟಿನಿಂದಲೂ ಕೈಯಿಂದಲೂ ಸವೆಯಬೇಕು. ಯಾರೂ ಮುಟ್ಟದ ಮೂಲೆಯಲ್ಲಿ ಚಕ್ಕೆ ಏಳಲು ಏನು ಕಾರಣ? ಹೀಗೆ ಕೇಳುತ್ತ ಹೋದರೆ, ಮಾದರಿಯೊಳಗೆ ಇಲ್ಲದ ನಾಲ್ಕು ಜನ ಅದರ ಮೇಲೆ ಓಡಾಡತೊಡಗುತ್ತಾರೆ.

ನಾನು ಮಾಡುತ್ತಿರುವುದು ಯಾವುದೋ ಒಂದು ಸೆಂಚುರಿಯನ್ ಆಗಿದ್ದರೆ ಇಷ್ಟು ಕಟ್ಟುನಿಟ್ಟು ಬೇಕಾಗುತ್ತಿರಲಿಲ್ಲವೇನೋ. ನನ್ನ ಮಾದರಿಗೆ ಹೆಸರಿದೆ: ಫಾಮಗುಸ್ತಾ. 17ನೆಯ ಹಾರ್ಸ್ ಎಂದು ಕರೆಯುವ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕು ಅದು. ಅದರ ನಾಯಕ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. ಅವರು ಹುಟ್ಟಿದ್ದು 1950ರ ಅಕ್ಟೋಬರ್ 14ರಂದು. ಸೈನ್ಯದ ಅಧಿಕಾರಿಯಾದದ್ದು 1971ರ ಜೂನ್ 13ರಂದು. ಬಸಂತರ್ ನದಿಯ ಕಾಳಗದಲ್ಲಿ ಮಡಿದದ್ದು ಅದೇ ವರ್ಷ ಡಿಸೆಂಬರ್ 16ರಂದು. ಆರು ತಿಂಗಳ ಉದ್ಯೋಗ, ಇಪ್ಪತ್ತೊಂದು ವರ್ಷದ ಆಯುಸ್ಸು. ಹಿಂದಿನ ರಾತ್ರಿ ರೆಜಿಮೆಂಟಿನ ಟ್ಯಾಂಕುಗಳು, ಪೂರ್ತಿಯಾಗಿ ಇನ್ನೂ ತೆರವಾಗದ ಮೈನುಗಳ ಹೊಲವನ್ನು ದಾಟಿ ನದಿಯ ಆಚೆಗೆ ಹೋಗಿದ್ದವು. ಬೆಳಗಾದ ಮೇಲೆ ಎದುರಾಳಿಯ ಪ್ಯಾಟನ್ ಟ್ಯಾಂಕುಗಳೊಡನೆ ಹೋರಾಟ. ಫಾಮಗುಸ್ತಾಕ್ಕೆ ಪೆಟ್ಟು ಬಿದ್ದು ಬೆಂಕಿ ಹತ್ತಿಕೊಂಡಾಗ ಬಿಟ್ಟು ಬರುವಂತೆ ಮೇಲಿನಿಂದ ಆಜ್ಞೆಯಾಯಿತು. ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂಬ ಕಾರಣ ಹೇಳಿ ಅವರು ಬಿಟ್ಟು ಬರಲಿಲ್ಲ. ಮರಣಾನಂತರ ಪರಮವೀರ ಚಕ್ರ ಸಂದಿತು. ನನಗೆ ಈಗ ಇಪ್ಪತ್ತು. ಇದಕ್ಕಿಂತ ಹೆಚ್ಚಾಗಿ ಆ ವಿಷಯದಲ್ಲಿ ಏನನ್ನೂ ಬರೆಯುವುದು ನನ್ನಿಂದಾಗದು.

ಆದರೆ ಲೆಕ್ಕ ಹಾಕಬಲ್ಲೆ. ಪಶ್ಚಿಮದ ಗಡಿಯಲ್ಲಿ ಯುದ್ಧ ಆರಂಭವಾದದ್ದು 1971ರ ಡಿಸೆಂಬರ್ 3ರ ಸಂಜೆ. 16ರ ಬೆಳಗ್ಗೆಗೆ ಹದಿಮೂರು ದಿನ ತುಂಬಿರಲಿಲ್ಲ. ಹದಿಮೂರು ದಿನಗಳಲ್ಲಿ ಬಣ್ಣ ಹಚ್ಚಿದ ದಪ್ಪ ಉಕ್ಕಿನ ಮೈಯೆಲ್ಲ ತುಕ್ಕು ಹಿಡಿಯುತ್ತದೆಯೆ? ಅದೂ ತನ್ನ ಟ್ಯಾಂಕಿಗೆ ಹೆಸರಿಟ್ಟು ಕರೆಯುವ ರೆಜಿಮೆಂಟಿನಲ್ಲಿ? ಆ ಟ್ಯಾಂಕಿನ ಮೇಲೆ ಧೂಳಿರಬಹುದು, ನದಿಯ ಪಾತ್ರದ ಕೆಸರಿರಬಹುದು, ಸೈಲೆನ್ಸರಿನ ಮಸಿಯಿರಬಹುದು, ಹತ್ತಿಳಿದ ಬೂಟಿನ ಗುರುತಿರಬಹುದು. ಇವು ನಾಲ್ಕೂ ದುಡಿಮೆಯ ಗುರುತುಗಳು. ತುಕ್ಕು ಉದಾಸೀನದ ಗುರುತು. ಆ ಬೆಳಗ್ಗೆ ಅದರೊಳಗೆ ಕುಳಿತಿದ್ದ ನಾಲ್ವರ ಮೇಲೆ ಉದಾಸೀನದ ಆರೋಪ ಹೊರಿಸಲು ನನಗೆ ಯಾವ ಆಧಾರವಿದೆ? ಬಣ್ಣ ಚೆಲುವಾಗಿ ಕಾಣುತ್ತದೆ ಎಂಬುದು ಆಧಾರವಾಗಲಾರದು.

ನೆಲ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಎಂಬಲ್ಲಿ ನಮ್ಮವರು ಹೊಲಗಳಿಗೆ ನೀರು ಬಿಟ್ಟರು. ಕಬ್ಬಿನ ಗದ್ದೆಗಳ ಕೆಸರಿನಲ್ಲಿ ಪಾಕಿಸ್ತಾನದ ಪ್ಯಾಟನ್‌ಗಳು ಹೂತುಕೊಂಡವು. ಅವುಗಳ ಮಾದರಿ ಮಾಡುವವನು ಹೊಟ್ಟೆಯವರೆಗೆ ಹಸಿ ಕೆಸರು ಮೆತ್ತಿದರೂ ನಾನು ತಕರಾರು ತೆಗೆಯುವುದಿಲ್ಲ. ವಶವಾದ ಪ್ಯಾಟನ್‌ಗಳನ್ನು ಅನಂತರ ಅದೇ ಸೀಮೆಯಲ್ಲಿ ಸಾಲಾಗಿ ನಿಲ್ಲಿಸಿ, ಆ ಜಾಗಕ್ಕೆ ಪ್ಯಾಟನ್ ನಗರವೆಂದೇ ಹೆಸರಾಯಿತು. ಯಾರೂ ಒರೆಸದೆ ಬಯಲಿನಲ್ಲಿ ನಿಂತ ಆ ಗಾಡಿಗಳಿಗೆ ತುಕ್ಕು ಧಾರಾಳವಾಗಿ ಸಲ್ಲುತ್ತದೆ. ಅಪ್ಪ ಹೇಳಿದ ಎರಡು ಕಾರಣಗಳಲ್ಲಿ ಒಂದಂತೂ ಅಲ್ಲಿ ಖಂಡಿತವಾಗಿ ಇತ್ತು. 1971ರ ಡಿಸೆಂಬರಿನಲ್ಲೇ, ಬಸಂತರಿನ ಕಾಳಗಕ್ಕೆ ಹತ್ತು ಹನ್ನೊಂದು ದಿನ ಮೊದಲು, ರಾಜಸ್ಥಾನದ ಲೋಂಗೇವಾಲಾದಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳದು ಬೇರೆಯೇ ಕತೆ. ಅಲ್ಲಿ ಮರಳೇ ಮರಳು, ಕೆಸರಿನ ಮಾತೇ ಇಲ್ಲ. ಒಂದೇ ಸೀಸೆಯಿಂದ ಈ ಮೂರಕ್ಕೂ ಮೈಬಣ್ಣ ಕೊಟ್ಟವನು ಮೂರು ಸಲವೂ ತಪ್ಪುತ್ತಾನೆ.

ವಸ್ತುಸಂಗ್ರಹಾಲಯದ ಟ್ಯಾಂಕನ್ನು ನೋಡಿ ಬಂದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಆಕಾರಕ್ಕೆ ಸಾಕು, ಮಾಸಲಿಗೆ ಸಾಲದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಲ್ಲಿ ಸ್ಮಾರಕ ಸಂಗ್ರಹಾಲಯವಾಯಿತು; ಅಲ್ಲಿ ಒಂದು ಟಿ-55 ಟ್ಯಾಂಕನ್ನು ಇಟ್ಟಿದ್ದಾರೆ. ಪ್ರವಾಸ ಹೋದಾಗ ಜೊತೆಯವರು ಅದರ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಿದ್ದರೆ ನಾನು ಅದರ ಹಿಂದೆ ಬಗ್ಗಿ ನೋಡುತ್ತಿದ್ದೆ. ಸ್ಮಾರಕಕ್ಕೆ ಹಚ್ಚುವ ಬಣ್ಣ ಗೌರವದ ಬಣ್ಣ, ದೇವರ ಮೂರ್ತಿಗೆ ಎಣ್ಣೆ ಹಚ್ಚಿದ ಹಾಗೆ. ಅದು ಹೇಳುವುದು ನಮ್ಮ ಕಾಲದ ಭಕ್ತಿಯನ್ನು, ಯುದ್ಧದ ದಿನಗಳನ್ನಲ್ಲ. ಆ ದಿನಗಳನ್ನು ತಿಳಿಯಲು ಆಗಿನ ಕಪ್ಪುಬಿಳುಪು ಚಿತ್ರಗಳನ್ನು ಭೂತಕನ್ನಡಿ ಹಿಡಿದು ನೋಡಬೇಕು. ಕಪ್ಪುಬಿಳುಪಿನಲ್ಲಿ ಬಣ್ಣ ತಿಳಿಯದಿದ್ದರೂ, ಯಾವುದು ಒದ್ದೆ, ಯಾವುದು ಒಣಗಿದ್ದು, ಯಾವುದು ಸವೆದದ್ದು ಎಂಬುದು ಚೆನ್ನಾಗಿ ತಿಳಿಯುತ್ತದೆ.

ನನ್ನ ವಾದವನ್ನು ನಮ್ಮ ಅಧ್ಯಾಪಕರೊಬ್ಬರ ಮುಂದಿಟ್ಟಾಗ ಅವರು ನಕ್ಕು, "ಏನಪ್ಪಾ, ಬಯಲಾಟದ ರಾಕ್ಷಸನಿಗೆ ಅಷ್ಟು ಬಣ್ಣ ಮೆತ್ತುತ್ತಾರಲ್ಲ, ಅದಕ್ಕೂ ಕಾರಣ ಕೇಳುತ್ತೀಯಾ? ಕಲೆಯಲ್ಲಿ ಅತಿಶಯ ಇರಲೇಬೇಕು" ಎಂದರು. ಇದು ತಳ್ಳಿಹಾಕುವ ಮಾತಲ್ಲ. ಬೆಳಕಿನ ವಿಷಯದಲ್ಲಿ ಅದು ನಿಜ ಕೂಡ. ಒಂದು ಗೇಣಿನ ಟ್ಯಾಂಕಿನ ಮೇಲೆ ಕೋಣೆಯ ದೀಪ ಬಿದ್ದರೆ, ಬಯಲಿನ ಬಿಸಿಲು ಕೊಡುವಂಥ ನೆರಳು ಸಂದುಗಳಲ್ಲಿ ಬೀಳುವುದಿಲ್ಲ. ಆದ್ದರಿಂದ ಸಂದಿಗೆ ಸ್ವಲ್ಪ ಕಪ್ಪು ಹರಿಸಿ, ಅಂಚಿಗೆ ಸ್ವಲ್ಪ ಬಿಳುಪು ಸವರಿ ನೆರಳು ಬೆಳಕುಗಳನ್ನು ನಾವೇ ಕೊಡಬೇಕಾಗುತ್ತದೆ. ಇಷ್ಟು ಅತಿಶಯಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಬಯಲಾಟದ ಬಣ್ಣಕ್ಕೂ ಕಾರಣವಿದೆ ಎಂದು ಅವರಿಗೆ ವಿನಯದಿಂದ ಅರಿಕೆ ಮಾಡಿದೆ. ರಾತ್ರಿಯಲ್ಲಿ, ದೂರ ಕುಳಿತ ಮುದುಕಿಗೂ ಇವನು ರಾಕ್ಷಸ ಎಂದು ತಿಳಿಯಬೇಕು; ಅದಕ್ಕಾಗಿ ಆ ಬಣ್ಣ. ಧರ್ಮರಾಯನಿಗೆ ಅದನ್ನು ಹಚ್ಚಿ, ಚೆನ್ನಾಗಿ ಕಾಣುತ್ತದೆ ಎಂದರೆ ನಮ್ಮೂರಿನವರು ಮೇಳವನ್ನು ಮನೆಗೆ ಕಳಿಸುತ್ತಾರೆ. ಇದ್ದದ್ದನ್ನು ಎತ್ತಿ ತೋರಿಸಲಿ. ಇಲ್ಲದ್ದನ್ನು ತಂದಿಡುವುದು ಬೇಡ. ಅಧ್ಯಾಪಕರು ಪೂರ್ತಿ ಒಪ್ಪಲಿಲ್ಲ. ನಾನೂ ಬಿಟ್ಟಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ನನ್ನ ಸಹಪಾಠಿಯೊಬ್ಬಳದು. ಕೊಲ್ಲುವ ಯಂತ್ರವನ್ನು ಇಷ್ಟು ಮುದ್ದು ಮಾಡುವುದೇಕೆ ಎಂದು ಅವಳು ಕೇಳಿದಳು. ನಾನು ಹಲವು ದಿನ ಯೋಚಿಸಿದ್ದೇನೆ. ಹೊಳೆಯುವ, ಕಲೆಯಿಲ್ಲದ ಟ್ಯಾಂಕನ್ನು ಕಪಾಟಿನಲ್ಲಿಟ್ಟರೆ ಅದು ಆಟಿಕೆಯೇ. ಅವಳ ಮಾತು ಅಲ್ಲಿಗೆ ಸಲ್ಲುತ್ತದೆ. ಬೂಟಿನ ಸವೆತ, ಕೈಯ ಜಿಡ್ಡು, ಹಗ್ಗ ಕಟ್ಟಿ ಉಜ್ಜಿದ ಗುರುತು ಇವು ಬಂದ ಮೇಲೆ ಅದರೊಳಗೆ ಮನುಷ್ಯರಿದ್ದರು ಎಂಬುದನ್ನು ಮರೆಯಲಾಗುವುದಿಲ್ಲ. ನನ್ನ ಮಟ್ಟಿಗೆ ಆ ಯಂತ್ರದ ಮೇಲಿನ ಮೋಹ ಇದರಿಂದ ಕಡಿಮೆಯಾಗಿದೆ, ಅದರೊಳಗಿದ್ದವರ ಮೇಲಿನ ಕುತೂಹಲ ಹೆಚ್ಚಿದೆ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಅವಳ ಪ್ರಶ್ನೆ ಪೂರ್ತಿಯಾಗಿ ತೀರಿತೆಂದೂ ಹೇಳಲಾರೆ.

ಅವಳ ಪ್ರಶ್ನೆಯಿಂದಾಗಿ ಒಂದು ನಿರ್ಧಾರವನ್ನಂತೂ ಮಾಡಿದೆ. ನನ್ನ ಫಾಮಗುಸ್ತಾದ ಮೇಲೆ ಗುಂಡಿನ ತೂತನ್ನು ಕೊರೆಯುವುದಿಲ್ಲ, ಬೆಂಕಿಯ ಕರಿಯನ್ನು ಬಳಿಯುವುದಿಲ್ಲ. ಹಾಗೆ ಮಾಡುವ ತಂತ್ರ ಕಷ್ಟದ್ದೇನಲ್ಲ. ಕಾಯಿಸಿದ ಸೂಜಿಯಿಂದ ಪ್ಲಾಸ್ಟಿಕ್ಕನ್ನು ತೂತು ಮಾಡಿ ಸುತ್ತ ಮಸಿ ಹಚ್ಚಿದರೆ ನೋಡಿದವರು ಭಲೆ ಎನ್ನುತ್ತಾರೆ. ಆ ಭಲೆ ನನಗೆ ಬೇಡ. ನಾನು ತೋರಿಸಬೇಕೆಂದಿರುವುದು 16ರ ಬೆಳಗಿನ ಟ್ಯಾಂಕನ್ನು: ನದಿ ದಾಟಿ ಬಂದದ್ದು, ಕೆಸರು ಇನ್ನೂ ಪೂರ್ತಿ ಒಣಗದೆ ಇರುವುದು, ನಾಲ್ವರೂ ಬದುಕಿರುವುದು. ಆ ಸಾವನ್ನು ಗೊತ್ತಿದ್ದವರು ಈ ಕೆಸರನ್ನು ನೋಡಿದರೂ ಸಾಕು. ಗೊತ್ತಿಲ್ಲದವರಿಗೆ ತೂತು ಒಂದು ಚಮತ್ಕಾರವಾಗಿ ಕಾಣುತ್ತದೆ, ಅಷ್ಟೆ.

ಖರ್ಚಿನ ಮಾತು. ಡಬ್ಬಿ ದುಬಾರಿ, ಅದಕ್ಕೆ ಉಪಾಯವಿಲ್ಲ. ಆದರೆ ಮಾಸಲಿನ ಸಾಮಾನು ನಮ್ಮ ಮನೆಗಳಲ್ಲೇ ಇದೆ. ಹೊಸಿಲಿಗೂ ಗೋಡೆಗೂ ಬಳಿಯುವ ಕೆಮ್ಮಣ್ಣಿನ ಕೆಂಪಿಗೂ ತುಕ್ಕಿನ ಕೆಂಪಿಗೂ ಮೂಲ ಒಂದೇ, ಕಬ್ಬಿಣದ ಆಕ್ಸೈಡು. ಸೈಲೆನ್ಸರಿಗೆ ಇದಕ್ಕಿಂತ ಒಳ್ಳೆಯ ಪುಡಿ ಸೀಸೆಯಲ್ಲೂ ಸಿಕ್ಕದು. ದೀಪದ ಮಸಿ ಹೊಗೆಗೆ ಆಗುತ್ತದೆ. ಟ್ರ್ಯಾಕಿನ ಹೊಳಪಿಗೆ ಮೃದುವಾದ ಪೆನ್ಸಿಲಿನ ಸೀಸ, ಬಣ್ಣ ಎದ್ದ ಚಕ್ಕೆಗೆ ಪಾತ್ರೆ ಉಜ್ಜುವ ಸ್ಪಂಜಿನ ಒಂದು ಚೂರು, ಒಣ ಧೂಳಿಗೆ ತರಗತಿಯ ಸೀಮೆಸುಣ್ಣದ ಪುಡಿಗೆ ಬೆರಸಿದ ಸೋಸಿದ ಮಣ್ಣು. ಸೀಮೆಸುಣ್ಣವನ್ನು ಎಲ್ಲಿಂದ ತಂದೆನೆಂದು ಅಧ್ಯಾಪಕರು ವಿಚಾರಿಸದಿರಲಿ ಎಂದು ಪ್ರಾರ್ಥನೆ.

ನನ್ನದೊಂದು ಸೂಚನೆಯೂ ಇದೆ. ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಕೈಕೆಲಸದ ಪ್ರದರ್ಶನ ನಡೆಯುತ್ತದೆ. ಥರ್ಮೋಕೋಲಿನ ದೇವಸ್ಥಾನ, ರಟ್ಟಿನ ಕೋಟೆ, ಮೇಣದ ಹಣ್ಣು ಎಲ್ಲವೂ ಬರುತ್ತವೆ. ಚೆನ್ನಾಗಿದೆ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಮುಂದಿನ ವರ್ಷದಿಂದ ಒಂದೊಂದು ಮಾದರಿಯ ಪಕ್ಕದಲ್ಲೂ ಒಂದು ಹಾಳೆ ಇರಲಿ. ಈ ಬಿರುಕು ಏಕೆ, ಈ ಪಾಚಿ ಏಕೆ ಉತ್ತರದ ಗೋಡೆಗೇ ಇದೆ, ಈ ಮೆಟ್ಟಿಲು ನಡುವೆ ಮಾತ್ರ ಏಕೆ ಸವೆದಿದೆ, ಇದನ್ನು ಎಲ್ಲಿ ನೋಡಿದೆ, ಯಾರನ್ನು ಕೇಳಿದೆ ಎಂದು ಮಾಡಿದವನು ಅದರಲ್ಲಿ ಬರೆಯಲಿ. ಯಾರನ್ನು ಕೇಳಿದೆ ಎಂಬ ಜಾಗದಲ್ಲಿ ಗಾರೆ ಕೆಲಸದವರ, ಕಮ್ಮಾರರ, ಡ್ರೈವರುಗಳ ಹೆಸರು ಬರಲಿ. ನಮ್ಮಲ್ಲಿ ಅನೇಕರ ಮನೆಯಲ್ಲಿ ಅಂಥವರಿದ್ದಾರೆ. ಇದುವರೆಗೆ ಯಾವ ಪ್ರಶ್ನೆಪತ್ರಿಕೆಯೂ ಅವರನ್ನು ಕೇಳಿ ಬರೆಯಿರಿ ಎಂದು ಹೇಳಿದ್ದನ್ನು ನಾನು ಕಂಡಿಲ್ಲ.

ನನ್ನ ಸೆಂಚುರಿಯನ್ನಿಗೆ ಹಾಳೆ ಅರ್ಧ ತುಂಬಿದೆ. ಗೋಪುರ, ಮುಚ್ಚಳ, ಸೈಲೆನ್ಸರುಗಳು ಆದವು. ಹಿಂಬದಿಯ ಕೆಸರು ಬಾಕಿ ಇದೆ. ಎರಡೂ ಕಡೆಯ ಟ್ರ್ಯಾಕು ಎಸೆದ ಕೆಸರು ನಡುವೆ ಎಷ್ಟು ಅಗಲಕ್ಕೆ ಕೂಡಿಕೊಳ್ಳುತ್ತದೆ ಎಂಬುದು ನನಗೆ ಇನ್ನೂ ಖಚಿತವಾಗಿಲ್ಲ. ಮುಂದಿನ ವಾರ ನಾಲೆಗೆ ನೀರು ಬಿಡುತ್ತಾರಂತೆ. ಗದ್ದೆ ಉತ್ತು ಬಂದ ದಿನ ನಾನು ಬರುವವರೆಗೆ ಗಾಡಿ ತೊಳೆಯಬೇಡಿ ಎಂದು ಅಪ್ಪನಿಗೆ ಫೋನು ಮಾಡಿ ಹೇಳಿದ್ದೇನೆ.